ಸೂಪರ್ ಅಂದವರು, ಕೊನೆ ಎಲ್ಲಿ ಎಂದು ಕೇಳಿದವರು

ಚಿತ್ರ ನೋಡಿ "ಸೂಪರ್" ಎಂದು ಹೇಳಿ ಮುಂದೆ ಹೋಗುವವರ ಮೇಲೆ ನನಗೆ ಸಿಟ್ಟಿಲ್ಲ. ನಾಲ್ಕು ಜನ ಹಾಗೆ ಅಂದರೆ ಆ ದಿನ ಊಟ ರುಚಿಸುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಮರುದಿನ ಮತ್ತೆ ಪೆನ್ನು ಹಿಡಿದು ಕೂತಾಗ ಆ ಸೂಪರ್‌ನಿಂದ ಏನೂ ಸಿಗುವುದಿಲ್ಲ. ಯಾವ ಗೆರೆ ಉಳಿಸಬೇಕು, ಯಾವುದನ್ನು ಅಳಿಸಬೇಕು ಎಂದು ಅದು ಹೇಳುವುದಿಲ್ಲ. "ಏನೋ ಸರಿ ಇಲ್ಲ, ಆದ್ರೆ ಏನು ಅಂತ ಗೊತ್ತಾಗ್ತಿಲ್ಲ" ಅನ್ನುವವರೇ ವಾಸಿ. ಅವರು ಚಿತ್ರವನ್ನು ನೋಡಿಯಾದರೂ ನೋಡಿರುತ್ತಾರೆ.

ನಾನು ಡಿಜಿಟಲ್ ಚಿತ್ರಕಲೆ ಕಲಿಯುತ್ತಿರುವವಳು. ಮನೆ ಶಿರಸಿ ಹತ್ತಿರ, ಅಡಕೆ ತೋಟದ ಪಕ್ಕ. ಅಜ್ಜನ ಮನೆ ಘಟ್ಟದ ಕೆಳಗೆ, ಹೊನ್ನಾವರದ ಕಡೆ. ಕಾಲೇಜಿನಲ್ಲಿ ಕಲಿತದ್ದು ಒಂದಷ್ಟು. ಅದಕ್ಕಿಂತ ಜಾಸ್ತಿ ಕಲಿತದ್ದು ಒಂದು ಸಣ್ಣ ಗುಂಪಿನಿಂದ. ಬೆಂಗಳೂರು, ಧಾರವಾಡ, ಪುಣೆಯವರು ಅದರಲ್ಲಿದ್ದಾರೆ, ನಾರ್ವೆಯವರು ಒಬ್ಬರಿದ್ದಾರೆ. ನಾವ್ಯಾರೂ ಒಬ್ಬರನ್ನೊಬ್ಬರು ಎದುರಾಬದುರು ನೋಡಿದವರಲ್ಲ. ವಾರಕ್ಕೊಮ್ಮೆ ನಮ್ಮ ನಮ್ಮ ಚಿತ್ರ ತೋರಿಸುತ್ತೇವೆ, ಉಳಿದವರು ಅದರ ಬಗ್ಗೆ ಮಾತಾಡುತ್ತಾರೆ. ಅಲ್ಲಿ ಇರುವುದು ಒಂದೇ ನಿಯಮ. ಚಿತ್ರದ ಜೊತೆ ಒಂದು ಪ್ರಶ್ನೆ ಇರಬೇಕು. "ಹೇಗಿದೆ?" ಎನ್ನುವುದನ್ನು ಪ್ರಶ್ನೆ ಎಂದು ಯಾರೂ ಒಪ್ಪುವುದಿಲ್ಲ. "ಎಡಗಡೆ ಮರ ತೀರಾ ಮುಂದೆ ಬಂತಾ?" ಎಂದು ಕೇಳಿದರೆ ಹತ್ತು ಜನ ಉತ್ತರ ಕೊಡುತ್ತಾರೆ.

ಈ ನಿಯಮ ಶುರುವಿಗೆ ನನಗೆ ಕಿರಿಕಿರಿ ಎನಿಸಿತ್ತು. ಪ್ರಶ್ನೆ ಗೊತ್ತಿದ್ದರೆ ಉತ್ತರ ನಾನೇ ಹುಡುಕುತ್ತಿದ್ದೆನಲ್ಲ! ಆದರೆ ಪ್ರಶ್ನೆ ಬರೆಯಲು ಕೂತರೆ ನಮ್ಮ ಚಿತ್ರವನ್ನು ನಾವೇ ಇನ್ನೊಮ್ಮೆ ನೋಡಬೇಕಾಗುತ್ತದೆ. ಅರ್ಧ ಸಲ ಕಳಿಸುವ ಮೊದಲೇ ತಿದ್ದುವುದು ಮುಗಿದಿರುತ್ತದೆ.

ಸಲಕರಣೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪರದೆ ಇಲ್ಲದ ಒಂದು ಅಗ್ಗದ ಪೆನ್ ಟ್ಯಾಬ್ಲೆಟ್. ಕೈ ಮೇಜಿನ ಮೇಲೆ ಓಡುತ್ತದೆ, ಕಣ್ಣು ಲ್ಯಾಪ್‌ಟಾಪಿನ ಮೇಲಿರುತ್ತದೆ. ಪೆನ್ನಿನ ಒತ್ತಡಕ್ಕೆ 8192 ಹಂತ ಎಂದು ಡಬ್ಬಿಯ ಮೇಲೆ ಬರೆದಿದ್ದರು. ನನ್ನ ಕೈಗೆ ಅದರಲ್ಲಿ ಹತ್ತೋ ಹದಿನೈದೋ ಗೊತ್ತಾಗುತ್ತದೆ. ಸಾಫ್ಟ್‌ವೇರ್ ಕ್ರಿಟಾ. ಪುಕ್ಕಟೆ ಸಿಗುತ್ತದೆ, ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗುವ ಊರಿನಲ್ಲಿ ಇದೇನು ಸಣ್ಣ ಮಾತಲ್ಲ.

ಇನ್ನು ಹಸಿರಿನ ಜಗಳ.

ಜುಲೈ ತಿಂಗಳು. ಮನೆ ಎದುರಿನ ಗದ್ದೆಯಲ್ಲಿ ಅಗೆ (ಭತ್ತದ ಸಸಿ) ಎದ್ದು ನಿಂತಿತ್ತು, ನಟ್ಟಿಗೆ ಇನ್ನೂ ಕೆಲವು ದಿನ ಇತ್ತು. ಅದನ್ನೇ ಚಿತ್ರ ಮಾಡಿದೆ. ಅಗೆಯ ಹಸಿರು ಬೇರೆ ಯಾವ ಹಸಿರಿನ ಹಾಗೂ ಇರುವುದಿಲ್ಲ, ಕಣ್ಣಿಗೆ ಹೊಡೆಯುತ್ತದೆ. ನಾನೂ ಹೊಡೆಯುವ ಹಾಗೇ ಹಚ್ಚಿದೆ. ನಾರ್ವೆಯವರು ನೋಡಿ ಹೇಳಿದರು: "ಹಸಿರು ನಂಬುವ ಹಾಗಿಲ್ಲ. ನಿಜವಾದ ಎಲೆ ಇಷ್ಟು ಗಾಢ ಇರಲ್ಲ. ಸ್ಯಾಚುರೇಶನ್ ಇಳಿಸಿ." ಸ್ಯಾಚುರೇಶನ್ ಅಂದರೆ ಬಣ್ಣ ಎಷ್ಟು ಕಡು ಎನ್ನುವ ಅಳತೆ. ಡಿಜಿಟಲ್ ಚಿತ್ರ ಕಲಿಯುವವರಿಗೆ ಎಲ್ಲರೂ ಕೊಡುವ ಬುದ್ಧಿಮಾತು ಇದು. ಪರದೆಯಲ್ಲಿ ಎಷ್ಟು ಬೇಕಾದರೂ ಕಡು ಬಣ್ಣ ಕೈಗೆ ಸಿಗುತ್ತದೆ, ಹೊಸಬರು ಅದನ್ನೇ ಎಳೆದು ಬಳಿಯುತ್ತಾರೆ. ಧಾರವಾಡದವರು ನನ್ನ ಪರ ನಿಂತರು. "ಮಲೆನಾಡಿಗೆ ಬಂದು ನೋಡ್ರಿ" ಎಂದು ಒಂದು ಸಣ್ಣ ಯುದ್ಧವೇ ನಡೆಯಿತು. ಊರಿನ ಅಭಿಮಾನ ಬಂತೆಂದರೆ ಬಣ್ಣದ ಮಾತು ಹಿಂದೆ ಬೀಳುತ್ತದೆ.

ಜಗಳ ತಣ್ಣಗಾದ ಮೇಲೆ ಗದ್ದೆಯ ಫೋಟೋ ತೆಗೆದು, ಬಣ್ಣವನ್ನು ಅಂಕೆಯಲ್ಲಿ ಹೇಳುವ ಕಲರ್ ಪಿಕರ್ ಇಟ್ಟು ನೋಡಿದೆ. ನನ್ನ ಚಿತ್ರದಲ್ಲಿ ಸ್ಯಾಚುರೇಶನ್ ನೂರಕ್ಕೆ 90ರ ಹತ್ತಿರ ಇತ್ತು. ಫೋಟೋದಲ್ಲಿ 60 ದಾಟುತ್ತಿರಲಿಲ್ಲ. ಮೊಬೈಲ್ ಕ್ಯಾಮೆರಾಗಳು ಹಸಿರನ್ನು ತಾವೇ ಒಂದಿಷ್ಟು ಏರಿಸಿ ತೋರಿಸುವುದು ಸಾಮಾನ್ಯ, ಆದರೂ ಇಷ್ಟೇ. ಹಾಗಾದರೆ ನನ್ನ ಕಣ್ಣಿಗೆ ಹೊಡೆದದ್ದು ಏನು?

ಫೋಟೋದಲ್ಲಿ ಹಸಿರಿನ ಪಕ್ಕ ಏನಿದೆ ಎಂದು ನೋಡಿದಾಗ ಅರ್ಥವಾಯಿತು. ಗದ್ದೆಯ ಬದು. ನಮ್ಮದು ಚಿರೆಕಲ್ಲಿನ ಕೆಂಪು ಮಣ್ಣು. ಒಣಗಿದಾಗ ಅದು ಮಾಸಲು. ಒದ್ದೆಯಾದರೆ ಮಣ್ಣಿನ ಸಂದುಗಳಲ್ಲಿ ನೀರು ತುಂಬಿ, ಮೇಲ್ಮೈಯಿಂದ ಚೆದುರಿ ಬರುವ ಬಿಳಿ ಬೆಳಕು ಕಡಿಮೆಯಾಗುತ್ತದೆ. ಮಣ್ಣು ಕಪ್ಪಾಗುತ್ತದೆ, ಕೆಂಪು ಗಾಢವಾಗುತ್ತದೆ. ಆ ಕೆಂಪು ಪಕ್ಕದಲ್ಲಿದ್ದರೆ ಹಸಿರು ಇರುವುದಕ್ಕಿಂತ ಹೆಚ್ಚು ಹಸಿರಾಗಿ ಕಾಣುತ್ತದೆ. ಇದನ್ನು 1839ರಲ್ಲೇ ಪುಸ್ತಕ ಮಾಡಿ ಬರೆದವನು ಷೆವ್ರಲ್ ಎಂಬ ಫ್ರೆಂಚ್ ರಸಾಯನ ವಿಜ್ಞಾನಿ. ಪ್ಯಾರಿಸ್‌ನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ಅವನ ಕೈಯಲ್ಲಿತ್ತು. ಕಪ್ಪು ನೂಲಿನ ಬಣ್ಣ ಸರಿ ಇಲ್ಲ ಎಂದು ದೂರು ಬಂತು. ನೋಡಿದರೆ ಬಣ್ಣದಲ್ಲಿ ದೋಷ ಇರಲಿಲ್ಲ. ಪಕ್ಕದಲ್ಲಿ ನೇಯ್ದ ಬೇರೆ ಬಣ್ಣದ ನೂಲು ಕಪ್ಪನ್ನು ಮಂಕು ಮಾಡಿ ತೋರಿಸುತ್ತಿತ್ತು.

ನನ್ನ ಚಿತ್ರದಲ್ಲಿ ಬದು ಇತ್ತು, ಆದರೆ ಕಂದು ಬಣ್ಣದ್ದು. ಹಸಿರನ್ನು ಇಳಿಸಿದೆ, ಬದುವಿಗೆ ಒದ್ದೆ ಕೆಂಪು ಕೊಟ್ಟೆ. ಮತ್ತೆ ತೋರಿಸಿದಾಗ ನಾರ್ವೆಯವರು ಹೇಳಿದ್ದು ಕೇಳಿ: "ಈಗ ಹಸಿರು ಮೊದಲಿಗಿಂತ ಜಾಸ್ತಿ ಇದೆ, ಆದರೆ ಈಗ ನಂಬ್ತೇನೆ." ಲೆಕ್ಕದಲ್ಲಿ ಅದು ಮೂರನೇ ಒಂದು ಭಾಗ ಕಡಿಮೆಯಾಗಿತ್ತು!

ಆ ಗದ್ದೆಯನ್ನು ಅವರು ನೋಡಿಯೇ ಇರಲಿಲ್ಲ, ಚಿತ್ರವನ್ನು ಮಾತ್ರ ನೋಡಿದ್ದರು. ಧಾರವಾಡದವರಿಗೆ ಗದ್ದೆ ಗೊತ್ತಿತ್ತು, ಅದಕ್ಕೇ ಚಿತ್ರದಲ್ಲಿ ಇಲ್ಲದ ಕೆಂಪನ್ನು ಮನಸ್ಸಿನಲ್ಲೇ ತುಂಬಿಕೊಂಡು ನೋಡಿದರು. ಚಿತ್ರ ಗೊತ್ತಿರುವವರ ಕಣ್ಣು ಒಂದು, ವಸ್ತು ಗೊತ್ತಿರುವವರ ಕಣ್ಣು ಇನ್ನೊಂದು. ಅಂದಿನಿಂದ ಯಾರು ಏನು ಹೇಳಿದರೂ ಇದು ಯಾವ ಕಣ್ಣಿನ ಮಾತು ಎಂದು ಮೊದಲು ಕೇಳಿಕೊಳ್ಳುತ್ತೇನೆ.

ದೂರದ ಬೆಟ್ಟದ ವಿಷಯದಲ್ಲೂ ಇದೇ ಗುಂಪಿನಲ್ಲಿ ಒಂದು ಮಾತು ಬಂತು. ದೂರ ಹೋದಂತೆ ನೀಲಿ ಹಾಕು ಎನ್ನುವುದು ಎಲ್ಲ ಪಾಠಗಳಲ್ಲೂ ಇದೆ. ಡಿಸೆಂಬರಿನಲ್ಲಿ ದೇವಿಮನೆ ಘಟ್ಟ ಇಳಿಯುವಾಗ ನೋಡಿದರೆ ಅದು ನಿಜ. ಗಾಳಿಯ ಕಣಗಳು ನೀಲಿ ಬೆಳಕನ್ನು ಹೆಚ್ಚು ಚೆದುರಿಸುತ್ತವೆ. ಮಳೆಗಾಲದಲ್ಲಿ ಅದೇ ಘಟ್ಟದಲ್ಲಿ ತುಂಬಿರುವುದು ಮಂಜು, ಅಂದರೆ ನೀರಿನ ಹನಿಗಳು. ಅವು ದೊಡ್ಡವು, ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಸಮನಾಗಿ ಚೆದುರಿಸುತ್ತವೆ. ಹಾಗಾಗಿ ದೂರದ ಬೆಟ್ಟ ಬಿಳಿ, ಬೂದು. ನೀಲಿ ಹಾಕಿದರೆ ಮಳೆ ನಿಂತೇ ಹೋಗುತ್ತದೆ.

ಪುಣೆಯ ಗೆಳೆಯ ಒಮ್ಮೆ ಅಡಕೆ ತೋಟದ ಚಿತ್ರ ಮಾಡಿದ. ತೋಟ ನೋಡಿದವನಲ್ಲ, ಎಲ್ಲೆಲ್ಲಿಂದಲೋ ಫೋಟೋ ಕೂಡಿಸಿ ಮಾಡಿದ್ದು. ಬೆಳಕು ಬಹಳ ಚೆನ್ನಾಗಿತ್ತು. ಸೋಗೆಯ (ಅಡಕೆ ಗರಿಯ) ಸಂದಿನಿಂದ ಬಿಸಿಲು ಕೋಲು ಕೋಲಾಗಿ ಇಳಿಯುತ್ತಿತ್ತು. ಅವನ ಪ್ರಶ್ನೆಯೂ ಬೆಳಕಿನ ಬಗ್ಗೆಯೇ. ಎಲ್ಲರೂ ಮಂಜಿನ ಲೇಯರ್ (ಪದರ), ಅಂಚು, ಕಾಂಟ್ರಾಸ್ಟ್ ಎಂದು ಮಾತಾಡಿದರು. ನನಗೂ ಏನೋ ತಪ್ಪು ಕಂಡಿತ್ತು, ಆದರೆ ಹುಟ್ಟಿದಾಗಿನಿಂದ ನೋಡಿದ ಮರವಾದರೂ ಇದು ಎಂದು ಬೆರಳಿಟ್ಟು ತೋರಿಸಲು ಆಗಲಿಲ್ಲ.

ಆಗ ನಮ್ಮ ತೋಟದಲ್ಲಿ ಕೊನೆ ಕೊಯ್ಲು, ಅಂದರೆ ಅಡಕೆ ಗೊನೆ ಇಳಿಸುವ ಕೆಲಸ ನಡೆದಿತ್ತು. ಮರ ಹತ್ತುವ ಕೊನೆ ಗೌಡರು ಮಧ್ಯಾಹ್ನ ಜಗುಲಿ ಮೇಲೆ ಕವಳ ಹಾಕುತ್ತಾ ಕೂತಿದ್ದರು. ಮೊಬೈಲ್ ಮುಂದೆ ಹಿಡಿದೆ. ಎರಡು ಕ್ಷಣ ನೋಡಿದರು.

"ಇದೆಂಥ ಮರ ತಂಗಿ? ಕೊನೆ ಎಲ್ಲಿ ಬಿಟ್ಟದೆ ನೋಡು. ಸೋಗೆ ಸಂದೀಲಿ ಬಿಡೂಕೆ ಇದೇನು ತೆಂಗಾ?"

ಸರಿಯಾದ ಮಾತು. ತೆಂಗಿನ ಮರದಲ್ಲಿ ಗೊನೆ ಗರಿಗಳ ನಡುವೆ ಇರುತ್ತದೆ. ಅಡಕೆಯಲ್ಲಿ ಹಾಳೆ, ಅಂದರೆ ಕಾಂಡವನ್ನು ಸುತ್ತಿದ ಸೋಗೆಯ ಅಗಲದ ಭಾಗ, ಕಳಚಿ ಬಿದ್ದ ಮೇಲೆ ಅದರ ಬುಡದಲ್ಲಿದ್ದ ಸಿಂಗಾರ (ಹೂಗೊಂಚಲು) ಹೊರಗೆ ಬಿಚ್ಚಿಕೊಳ್ಳುತ್ತದೆ. ಅದೇ ಬಲಿತು ಕೊನೆಯಾಗುವುದು. ಹಾಗಾಗಿ ಕೊನೆ ಇರುವುದು ಎಲ್ಲ ಹಾಳೆಗಳ ಕೆಳಗೆ, ಬರಿ ಕಾಂಡಕ್ಕೆ ಅಂಟಿಕೊಂಡು. ಗೌಡರು ಇನ್ನೂ ಒಂದು ಹೇಳಿದರು. ಚಿತ್ರದಲ್ಲಿ ಮರದ ಉಂಗುರಗಳು ಬುಡದಿಂದ ತುದಿಯವರೆಗೆ ಒಂದೇ ಅಂತರದಲ್ಲಿವೆಯಂತೆ, ನಿಜದ ಮರದಲ್ಲಿ ಹಾಗೆ ಇರುವುದಿಲ್ಲವಂತೆ. ಹಾಳೆ ಬಿದ್ದ ಗುರುತೇ ಉಂಗುರ. ಮರ ಹುರುಪಿನಿಂದ ಬೆಳೆದ ವಯಸ್ಸಿನಲ್ಲಿ ಉಂಗುರ ದೂರ ದೂರ, ಮುದಿಯಾದಂತೆ ಹತ್ತಿರ ಹತ್ತಿರ. ಕಾಲಿಗೆ ತಳೆ ಹಾಕಿ ಹತ್ತಿದವರಿಗೆ ಇದು ಕಾಲಿಗೇ ಗೊತ್ತು.

ಇದನ್ನೆಲ್ಲ ಬರೆದು ಕಳಿಸಿದೆ. ಪುಣೆಯವ ಕೊನೆಗಳನ್ನು ಕೆಳಗೆ ಇಳಿಸಿದ. ಇಲ್ಲಿ ನಾನು ಎಣಿಸದ ಒಂದು ಸಂಗತಿ ಆಯಿತು. ಮೊದಲು ಚಿತ್ರದ ಮೇಲರ್ಧದಲ್ಲಿ ಎಲ್ಲವೂ ಕಿಕ್ಕಿರಿದಿತ್ತು, ಕೆಳಗೆ ಬರೀ ಉದ್ದುದ್ದ ಕಪ್ಪು ಕಾಂಡಗಳು. ಈಗ ಹಣ್ಣಾದ ಕೊನೆಯ ಕಿತ್ತಳೆ ಬಣ್ಣ ಕಾಂಡದ ಕಪ್ಪಿನ ಮೇಲೆ ಬಂತು. ಕಣ್ಣು ಹತ್ತಿ ಇಳಿಯಲು ಮೆಟ್ಟಿಲು ಸಿಕ್ಕ ಹಾಗಾಯಿತು. ಮರ ಸರಿಹೋದಾಗ ಚಿತ್ರವೂ ಸರಿಹೋಯಿತು. ಯಾವಾಗಲೂ ಹೀಗಾಗುತ್ತದೆ ಎಂದಲ್ಲ. ಆದರೆ ಗಿಡ, ಪ್ರಾಣಿ, ದೋಣಿ ಇವು ಹೀಗೇ ಇರುವುದಕ್ಕೆ ಕಾರಣ ಇರುತ್ತದೆ. ಆ ಕಾರಣ ಹಿಡಿದುಕೊಂಡರೆ ಆಕಾರ ಅರ್ಧ ತಾನಾಗೇ ಬರುತ್ತದೆ.

ಇದಕ್ಕೆ ಉಲ್ಟಾ ಕೂಡ ಆಗುತ್ತದೆ. ನನ್ನದೊಂದು ಮಳೆಗಾಲದ ತೋಟದ ಚಿತ್ರದಲ್ಲಿ ಕೊನೆಗಳ ಮೇಲೆ ತಿಳಿ ನೀಲಿ ಹಚ್ಚಿದ್ದೆ. ಬೆಂಗಳೂರಿನವರೊಬ್ಬರು ಮೆಚ್ಚಿದರು. ಆಕಾಶದ ಬೆಳಕು ಕಾಯಿಯ ಮೇಲೆ ಬಿದ್ದದ್ದನ್ನು ಚೆನ್ನಾಗಿ ಹಿಡಿದಿದ್ದೀರಿ ಎಂದರು. ಹೊಗಳಿಕೆ ಸುಮ್ನೆ ಇಟ್ಟುಕೊಳ್ಳಬಹುದಿತ್ತು. ಆದರೆ ಅದು ಆಕಾಶ ಅಲ್ಲ, ಬೋರ್ಡೋ ದ್ರಾವಣ. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು 100 ಲೀಟರ್. ಕೊಳೆರೋಗ ಬಾರದಿರಲಿ ಎಂದು ಮಳೆ ಹಿಡಿಯುವ ಹೊತ್ತಿಗೆ ಕೊನೆಗಳಿಗೆ ಹೊಡೆಯುತ್ತಾರೆ. 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ ಔಷಧಿ ಅದು. ನಮ್ಮಲ್ಲಿ ಔಷಧಿ ಹೊಡೆದ ಮೇಲೆ ಕೊನೆ, ಕಾಂಡ, ಕೆಳಗಿನ ಯಾಲಕ್ಕಿ ಎಲೆ, ಹೊಡೆದವರ ಅಂಗಿ ಎಲ್ಲ ನೀಲಿ. ವಿವರಿಸಿದ ಮೇಲೆ ಅವರು ಕೇಳಿದರು: "ಹಾಗಾದ್ರೆ ನೀಲಿ ನೆರಳಿನ ಕಡೆಯೂ ಇರಬೇಕಲ್ವಾ?" ಇರಬೇಕು. ಆಕಾಶದ ಬೆಳಕಾದರೆ ಮೇಲ್ಭಾಗಕ್ಕೆ ಮಾತ್ರ. ಔಷಧಿಯಾದರೆ ಸುತ್ತಲೂ, ಕೆಳಗೆ ಹನಿ ಕಟ್ಟಿದಲ್ಲಿ ಇನ್ನೂ ದಪ್ಪ. ತೋಟ ನೋಡದವರು ಕೇಳಿದ ಆ ಒಂದು ಪ್ರಶ್ನೆ ನನ್ನನ್ನು ಮತ್ತೆ ತೋಟಕ್ಕೆ ಕಳಿಸಿತು.

ಯಕ್ಷಗಾನದ ವೇಷದ ಕಥೆ ಸ್ವಲ್ಪ ತೊಡಕಿನದು. ಘಟ್ಟದ ಕೆಳಗಿನ ಮಾವ ವೇಷ ಮಾಡುವವರು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ಸೀಮೆ ಅದು. ಅಲ್ಲಿ ವೇಷದ ಬಗ್ಗೆ ಅಭಿಪ್ರಾಯ ಇಲ್ಲದವರೇ ಇಲ್ಲ. ನಾನು ಮುಂಡಾಸಿನ ವೇಷವೊಂದನ್ನು ಬರೆದು ಮೊದಲು ಗುಂಪಿನಲ್ಲಿ ತೋರಿಸಿದೆ. ಚೆನ್ನಾಗೇ ಮಾತಾಡಿದರು. ಮುಖದ ಅಂಚು ಗಟ್ಟಿಯಾಗಿರಲಿ, ಭುಜದ್ದು ಕರಗಲಿ ಅಂದರು. ಅದನ್ನೇ ಮಾವನಿಗೆ ತೋರಿಸಿದೆ.

"ಕುತ್ತಿಗೆ ಎಲ್ಲಿದ್ದೇ ಇದಕ್ಕೆ? ತಲೆ ಮೇಲೆ ಅಷ್ಟು ಬಿಗಿದು ಕಟ್ಟಿಕ್ಯಂಡವ ಹಿಂಗೆ ನಿಲ್ತ್ನಿಲ್ಲೆ" ಅಂದರು. ಅಂದವರು ಎದ್ದು ನಿಂತು ತೋರಿಸಿದರು. ಮುಂಡಾಸು ಇರುವಾಗ ತಲೆ ಬೇರೆ, ಮೈ ಬೇರೆ ತಿರುಗುವುದಿಲ್ಲ. ತಿರುಗಬೇಕಾದರೆ ಎದೆಯೂ ಜೊತೆಗೆ ತಿರುಗುತ್ತದೆ. ಗದ್ದ ಸ್ವಲ್ಪ ಒಳಗೆ. ತೂಕ ಹಿಮ್ಮಡಿಗೆ. ನನ್ನ ಚಿತ್ರದ ವೇಷಧಾರಿ ಹಗುರ ಟೋಪಿ ಹಾಕಿದವನ ಹಾಗೆ ತಲೆ ವಾಲಿಸಿ ನಿಂತಿದ್ದ. ಗುಂಪಿನಲ್ಲಿ ಯಾರಿಗೂ ಇದು ಕಂಡಿರಲಿಲ್ಲ, ಕಾಣುವಂತೆಯೂ ಇರಲಿಲ್ಲ.

ಆದರೆ ಮಾವನ ಪಟ್ಟಿ ಅಲ್ಲಿಗೆ ನಿಲ್ಲಲಿಲ್ಲ. ಭುಜಕೀರ್ತಿ ಪೂರ್ತಿ ಕಾಣಬೇಕು. ಎದೆಕಟ್ಟಿನ ಮಣಿ ಕಾಣಬೇಕು. ಡಾಬು, ವೀರಗಸೆ, ಗೆಜ್ಜೆ ಯಾವುದೂ ಕತ್ತಲಲ್ಲಿ ಇರಬಾರದು. ಅಷ್ಟನ್ನೂ ತೋರಿಸಿದರೆ ಅದು ಆಭರಣದ ಅಂಗಡಿಯ ಕ್ಯಾಲೆಂಡರ್ ಆಗುತ್ತದೆ, ವೇಷ ಆಗುವುದಿಲ್ಲ. ವಸ್ತು ಗೊತ್ತಿದ್ದವರಿಗೆ ಎಲ್ಲವೂ ಬೇಕು, ಯಾಕೆಂದರೆ ಒಂದೊಂದನ್ನೂ ಕೈಯಾರೆ ಕಟ್ಟಿದ್ದಾರೆ. ಚಿತ್ರಕ್ಕೆ ಕೆಲವೇ ಬೇಕು. ಕುತ್ತಿಗೆಯ ಮಾತನ್ನು ಕಣ್ಣುಮುಚ್ಚಿ ಒಪ್ಪಿದೆ, ಆಭರಣದ ಮಾತು ಬಿಟ್ಟೆ. ಮಾವನಿಗೆ ಇವತ್ತಿಗೂ ಆ ಚಿತ್ರ ಪೂರ್ತಿ ಸಮಾಧಾನ ಇಲ್ಲ. ಇರಲಿ.

ಚೌಕಿಯಲ್ಲಿ (ವೇಷ ಕಟ್ಟಿಕೊಳ್ಳುವ ಜಾಗದಲ್ಲಿ) ಮಾವ ಬಣ್ಣ ಹಚ್ಚಿಕೊಳ್ಳುವುದನ್ನು ನೋಡುವುದೇ ಒಂದು ಪಾಠ. ತಮ್ಮ ಮುಖಕ್ಕೆ ತಾವೇ, ಸಣ್ಣ ಕನ್ನಡಿ ಹಿಡಿದು ಹಚ್ಚುವುದು. ಕನ್ನಡಿಯಲ್ಲಿ ಸರಿ ಕಂಡದ್ದು ಎದುರಿಗೆ ನೋಡಿದರೆ ಒಂದು ಕಡೆ ಎಳೆದಿರಬಹುದು. ನಾವು ಡಿಜಿಟಲ್‌ನವರು ಮಾಡುವುದು ಇದರ ಉಲ್ಟಾ. ಕ್ರಿಟಾದಲ್ಲಿ ಎಂ ಒತ್ತಿದರೆ ಚಿತ್ರ ಎಡಬಲ ತಿರುಗಿ ಕಾಣುತ್ತದೆ. ಗಂಟೆಗಟ್ಟಲೆ ನೋಡಿ ಒಗ್ಗಿಹೋದ ಸೊಟ್ಟ ಮುಖ ಆಗ ಥಟ್ಟನೆ ಸೊಟ್ಟ ಕಾಣುತ್ತದೆ. ಬೇರೆಯವರಿಗೆ ತೋರಿಸುವ ಮೊದಲು ಇದೊಂದನ್ನು ಮಾಡಿದರೆ ಸಾಕು, ಅವರ ಅರ್ಧ ಕೆಲಸ ಉಳಿಯುತ್ತದೆ.

ಕೆಲವು ಸಲ ಮಾತು ಬರುವುದು ಚಿತ್ರದ ಬಗ್ಗೆಯೇ ಅಲ್ಲ, ಪರದೆಯ ಬಗ್ಗೆ. ರಾತ್ರಿ ಮೊಬೈಲಿನಲ್ಲಿ ಹಳದಿ ಫಿಲ್ಟರ್ ಹಾಕಿಕೊಂಡು ನೋಡಿ "ಬಿಳಿ ಮಾಸಲಾಗಿದೆ" ಅನ್ನುವವರು ಇದ್ದಾರೆ. ಅದಕ್ಕೇ ಈಗ ನಾವು ಚಿತ್ರದ ಕೆಳಗೆ ಕಪ್ಪಿನಿಂದ ಬಿಳಿಯವರೆಗೆ ಬೂದು ಬಣ್ಣದ ಒಂದು ಪಟ್ಟಿ ಸೇರಿಸುತ್ತೇವೆ. ಕಪ್ಪಿನ ಕಡೆಯ ಮೊದಲ ಎರಡು ಮನೆ ಬೇರೆ ಬೇರೆ ಕಾಣದಿದ್ದರೆ ನೆರಳಿನ ಬಗ್ಗೆ ಮಾತಾಡಬೇಡಿ ಎಂದು ಹೇಳಿಯಾಗಿದೆ.

ಕಾವಿ ಚಿತ್ರಗಳನ್ನು ನೋಡಿ ಅಭ್ಯಾಸ ಮಾಡುವಾಗ ಇದರ ಇನ್ನೊಂದು ಮುಖ ಕಂಡಿತು. ಕಾವಿ ಕಲೆ ನಮ್ಮ ಕರಾವಳಿಯ ಹಳೇ ದೇವಸ್ಥಾನಗಳ ಗೋಡೆಯ ಮೇಲಿನದು, ಶಿರಸಿಯ ಮಾರಿಕಾಂಬಾ ದೇವಸ್ಥಾನಕ್ಕೂ ಅದರ ನಂಟಿದೆ. ಸುಣ್ಣದ ಗಾರೆಯ ಬಿಳಿ ಗೋಡೆ, ಅದರ ಮೇಲೆ ಕೆಮ್ಮಣ್ಣಿನ ಪದರ. ಹಸಿ ಇರುವಾಗಲೇ ಮೊನೆಯಿಂದ ಕೆರೆದರೆ ಒಳಗಿನ ಬಿಳಿ ಗೆರೆಯಾಗಿ ಏಳುತ್ತದೆ. ಹೊನ್ನಾವರದ ಕೃಷ್ಣಾನಂದ ಕಾಮತರು ಇದನ್ನು ಹುಡುಕಿ ದಾಖಲೆ ಮಾಡಿದವರು. ನಾನು ಎರಡು ಲೇಯರ್ ಇಟ್ಟು, ಮೇಲಿನ ಕೆಂಪನ್ನು ಅಳಿಸುತ್ತಾ ಅದೇ ರೀತಿ ಮಾಡಿ ನೋಡಿದೆ. ಕೂದಲೆಳೆಯ ಗೆರೆಗಳು. ಕಳಿಸಿದಾಗ ಬಂದ ಮಾತು: "ಗೆರೆ ಮಸುಕಾಗಿದೆ, ಕೈ ಗಟ್ಟಿ ಇಲ್ಲ." ನನ್ನ ಪರದೆಯಲ್ಲಿ ಚೂಪಾಗಿಯೇ ಇತ್ತು. ಕಾರಣ ಜೆಪೆಗ್, ಚಿತ್ರವನ್ನು ಹಿಂಡಿ ಚಿಕ್ಕದು ಮಾಡಿ ಉಳಿಸುವ ಫೈಲ್ ಮಾದರಿ. ಕಣ್ಣಿಗೆ ಬಣ್ಣಕ್ಕಿಂತ ಬೆಳಕಿನ ಏರಿಳಿತ ಚೆನ್ನಾಗಿ ಗೊತ್ತಾಗುತ್ತದೆ ಎಂಬ ಲೆಕ್ಕದ ಮೇಲೆ, ಜಾಗ ಉಳಿಸಲು ಅದು ಬಣ್ಣದ ವಿವರವನ್ನು ಕಡಿಮೆ ಇಟ್ಟುಕೊಳ್ಳುತ್ತದೆ. ಎಷ್ಟೋ ಸಲ ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣ. ಮುಖದ ಚಿತ್ರಕ್ಕೆ ಇದು ನಡೆಯುತ್ತದೆ. ಕೆಂಪಿನ ಮೇಲೆ ಸಣ್ಣ ಬಿಳಿ ಗೆರೆಗಳೇ ತುಂಬಿರುವ ಕಾವಿಗೆ ಅಲ್ಲ. ಚಾಟ್‌ನಲ್ಲಿ ಕಳಿಸಿದಾಗ ಚಿತ್ರ ಚಿಕ್ಕದಾಗಿ, ಇನ್ನೊಮ್ಮೆ ಹಿಂಡಿಸಿಕೊಂಡು ಹೋಗುತ್ತದೆ. ವಿವರ ಕಳೆಯದ ಪಿಎನ್‌ಜಿ ಫೈಲ್ ಮಾಡಿ, ಡಾಕ್ಯುಮೆಂಟ್ ಎಂದು ಕಳಿಸಿದ ಮೇಲೆ ನನ್ನ ಕೈ ಗಟ್ಟಿಯಾಯಿತು.

ನನಗೆ ಆಗದ ಒಂದು ಅಭ್ಯಾಸ ಇದೆ. ನಮ್ಮ ಚಿತ್ರದ ಮೇಲೇ ತಾವು ಬಿಡಿಸಿ "ಹೀಗೆ ಮಾಡಿ" ಎಂದು ವಾಪಸ್ ಕಳಿಸುವುದು. ಕೆಲವರಿಗೆ ಅದರಿಂದ ಲಾಭ ಇದೆ ಎನ್ನುತ್ತಾರೆ. ನನಗಂತೂ ಅದು ಕಂಡ ಮೇಲೆ ನನ್ನ ದಾರಿ ಕಾಣುವುದೇ ನಿಂತುಹೋಗುತ್ತದೆ. ಒಂದು ಬಾಣದ ಗುರುತು ಹಾಕಿ "ಇಲ್ಲಿ ಕಣ್ಣು ಎಡವಿತು" ಅಂದರೆ ಸಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ಈಗೀಗ ಮೆಷಿನ್ (ಎಐ) ಮಾಡಿದ ಚಿತ್ರಗಳ ಗಲಾಟೆಯಿಂದ, ಚಿತ್ರ ಮುಗಿಸಿ ಇಟ್ಟರೆ ಸಾಲದು, ಬಿಡಿಸಿದ್ದನ್ನೂ ತೋರಿಸಿ ಅನ್ನುವವರು ಜಾಸ್ತಿಯಾಗಿದ್ದಾರೆ. ಕ್ರಿಟಾದಲ್ಲೇ ರೆಕಾರ್ಡ್ ಮಾಡಿಕೊಳ್ಳಬಹುದು, ತೊಂದರೆ ಏನಿಲ್ಲ. ಆದರೆ ಸಂಶಯದ ಕಣ್ಣು ಚಿತ್ರ ನೋಡುವುದೇ ಇಲ್ಲ, ಮೆಷಿನ್ ತಪ್ಪು ಸಿಗುತ್ತದಾ ಎಂದು ಬೆರಳು ಎಣಿಸುತ್ತದೆ. ಅಂದಹಾಗೆ, ನಾನು ನೋಡಿದ ಮೆಷಿನ್ ಅಡಕೆ ಮರಗಳಲ್ಲೂ ಕೊನೆ ಸೋಗೆಯ ಸಂದಿನಲ್ಲೇ ಇತ್ತು.

ಸದ್ಯ ಕೈಯಲ್ಲಿರುವುದು ರಂಪಣಿ ಬಲೆಯ ಚಿತ್ರ. ಕಾರವಾರದ ಹತ್ತಿರ ಮಾಜಾಳಿಯ ಕಡಲ ದಂಡೆ. ದೋಣಿಯಲ್ಲಿ ಹೋಗಿ ಬಲೆಯನ್ನು ಕಮಾನಾಗಿ ಬಿಟ್ಟು ಬರುವುದು, ಎರಡೂ ತುದಿಯ ಹಗ್ಗವನ್ನು ದಡದಲ್ಲಿ ನಿಂತ ಜನ ಎಳೆಯುವುದು. 1970ರ ದಶಕದ ಕೊನೆಗೆ ಪರ್ಸೀನ್ (ಮೀನಿನ ಗುಂಪನ್ನು ಕಡಲಲ್ಲೇ ಸುತ್ತುವ ದೊಡ್ಡ ಬಲೆಯ) ದೋಣಿಗಳು ಬಂದು ಬಾಂಗಡೆ ಮೀನನ್ನು ದಡಕ್ಕೆ ಬರುವ ಮೊದಲೇ ಬಾಚಿಕೊಳ್ಳತೊಡಗಿದ ಮೇಲೆ ದೊಡ್ಡ ರಂಪಣಿಗಳು ಮೂಲೆ ಸೇರಿದವು. ಗುಂಪಿಗೆ ನನ್ನ ಪ್ರಶ್ನೆ: ಎಡಗಡೆ ಎಳೆಯುವ ಜನ ಎಲ್ಲರೂ ಸೇರಿ ಒಂದೇ ಆಕಾರವಾಗಿ ಕಾಣುತ್ತಾರಾ, ಬಿಡಿ ಬಿಡಿಯಾಗಿ ಕಾಣುತ್ತಾರಾ? ಅವರು ಉತ್ತರ ಕೊಟ್ಟಾಯಿತು. ಇನ್ನೊಂದು ಪ್ರಶ್ನೆ ಗೆಳತಿಯ ಅಜ್ಜನಿಗೆ. ರಂಪಣಿ ಎಳೆದವರು ಅವರು. ಹಗ್ಗಕ್ಕೆ ಜೋರು ಕೊಡುವುದು ಭುಜದಿಂದಲಾ, ಸೊಂಟದಿಂದಲಾ? ಕಾಲು ಮರಳಲ್ಲಿ ಎಷ್ಟು ಹೂಳುತ್ತದೆ?

ಅಜ್ಜ ಮೊಬೈಲ್ ನೋಡುವುದಿಲ್ಲ, ಕಾಗದದ ಮೇಲೆ ತಂದರೆ ನೋಡುತ್ತೇನೆ ಎಂದಿದ್ದಾರಂತೆ. ಹಾಗಾಗಿ ಎ3 ಅಳತೆಗೆ ಪ್ರಿಂಟ್ ತೆಗೆಸಬೇಕು. 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ ಬೇಕೆಂದರೆ 3508 ಪಿಕ್ಸೆಲ್ ಅಡ್ಡ, 4961 ಉದ್ದ. ನಾನು ಅದರ ಅರ್ಧ ಅಳತೆಯಲ್ಲಿ ಶುರು ಮಾಡಿದ್ದೆ, ಹಗ್ಗವನ್ನೆಲ್ಲ ಮತ್ತೆ ಎಳೆಯುತ್ತಿದ್ದೇನೆ. ಪ್ರಿಂಟಿಂಗ್ ಶಾಯಿಗೆ ಪರದೆಯ ಕಡು ನೀಲಿ, ಕಡು ಹಸಿರು ಎರಡೂ ಸಿಗುವುದಿಲ್ಲ, ಸಮುದ್ರ ಮಂಕಾಗುವುದು ಖಾತ್ರಿ. ಅಜ್ಜ ಸಮುದ್ರದ ಬಣ್ಣಕ್ಕೇ ತಕರಾರು ಎತ್ತಿದರೆ ನನ್ನ ಪ್ರಶ್ನೆ ಹಾಗೇ ಉಳಿಯುತ್ತದೆ ಎಂದು ಬಣ್ಣ ತೆಗೆದು ಬರೀ ಕಪ್ಪು ಬಿಳುಪಿನಲ್ಲಿ ಕೊಡುವುದೆಂದು ಮಾಡಿದ್ದೇನೆ. ಪ್ರಿಂಟ್ ಅಂಗಡಿಯವರು ಗ್ಲಾಸಿಯೋ ಮ್ಯಾಟೋ ಎಂದು ಕೇಳಿದರು. ಮ್ಯಾಟ್ ಅಂದೆ.